ತಂದೆ-ತಾಯಿಗಳ ತರುವಾಯ ಯಾರ ಮನೆ?

ಹುಬ್ಬಳ್ಳಿಯನ್ನು ನಡುವೆ ಇಟ್ಟುಕೊಂಡು ನೋಡಿದರೆ ಧಾರವಾಡ ಜಿಲ್ಲೆಯ ನಾಲ್ಕು ತಾಲೂಕು ಸ್ಥಳಗಳು ನಾಲ್ಕು ದಾರಿಗಳ ತುದಿಯಲ್ಲಿವೆ. ಈಶಾನ್ಯಕ್ಕೆ ನವಲಗುಂದ, ಪೂರ್ವಕ್ಕೆ ಅಣ್ಣಿಗೇರಿ, ಆಗ್ನೇಯಕ್ಕೆ ಕುಂದಗೋಳ, ನೈರುತ್ಯಕ್ಕೆ ಕಲಘಟಗಿ. ಮೊದಲಿನ ಎರಡು ಕರಿ ಎರೆಭೂಮಿಯ ಬಯಲು. ಕುಂದಗೋಳ ಮೆಣಸಿನಕಾಯಿ ಮತ್ತು ಹತ್ತಿಯ ಸೀಮೆ. ಕಲಘಟಗಿಯಾದರೋ ಮಲೆನಾಡಿನ ಸೆರಗು. ಈ ಊರುಗಳಿಗೆ ಬರುವ ಯಾತ್ರಿಕರು ನವಲಗುಂದದ ನಾಗಲಿಂಗಸ್ವಾಮಿಗಳ ಮಠಕ್ಕೆ ಬರುತ್ತಾರೆ, ಅಣ್ಣಿಗೇರಿಯ ಅಮೃತೇಶ್ವರನ ಗುಡಿಗೆ ಬರುತ್ತಾರೆ, ಕುಂದಗೋಳದ ಸಂಗೀತೋತ್ಸವಕ್ಕೆ ಬರುತ್ತಾರೆ. ನಾನು ಈ ಸಲ ಹೊರಟಿದ್ದು ಗುಡಿ-ಗುಂಡಾರಗಳ ದರ್ಶನಕ್ಕಲ್ಲ. ದೇಹ ಪ್ರಾಯಕ್ಕೆ ಬಂದರೂ ಬುದ್ಧಿಯ ಬೆಳವಣಿಗೆ ನಿಧಾನವಾಗಿ ಉಳಿದ ನಮ್ಮವರೇ ಆದ ಗಂಡಸರು-ಹೆಂಗಸರು ಈ ಹಳ್ಳಿಗಳಲ್ಲಿ ಹೇಗೆ ಬದುಕಿದ್ದಾರೆ, ಯಾರ ಆಸರೆಯಲ್ಲಿದ್ದಾರೆ ಎಂಬುದನ್ನು ಕಾಣಬೇಕೆಂಬ ಹಂಬಲದಿಂದ ಹೊರಟೆ.

ಇಂಥ ಮಕ್ಕಳಿಗಾಗಿ ನಗರಗಳಲ್ಲಿ ವಿಶೇಷ ಶಾಲೆಗಳಿವೆ. ಆದರೆ ಶಾಲೆಯ ವಯಸ್ಸು ದಾಟಿದ ಮೇಲೆ ಏನು? ಹದಿನೆಂಟರ ತರುಣ ನಲವತ್ತರ ಗೃಹಸ್ಥನ ವಯಸ್ಸಿಗೆ ಬರುತ್ತಾನೆ. ಅವನ ತಾಯಿ ಎಪ್ಪತ್ತಕ್ಕೆ ಬರುತ್ತಾಳೆ. ಈ ಲೆಕ್ಕ ಯಾವ ಮನೆಯಲ್ಲೂ ತಪ್ಪುವುದಿಲ್ಲ. 2011ರ ಜನಗಣತಿಯಲ್ಲಿ ದೇಶದಾದ್ಯಂತ ಸುಮಾರು 15 ಲಕ್ಷ ಜನರನ್ನು ಬುದ್ಧಿಮಾಂದ್ಯರೆಂದು ಎಣಿಸಲಾಯಿತು. ಗಣತಿಯವರು ಬಾಗಿಲಿಗೆ ಬಂದಾಗ ಒಳಗೆ ಕೂಡ್ರಿಸಲ್ಪಟ್ಟವರು ಈ ಲೆಕ್ಕಕ್ಕೆ ಸಿಕ್ಕಿರಲಾರರು.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಹುಚ್ಚು ಮತ್ತು ಬುದ್ಧಿಮಾಂದ್ಯ ಎರಡಕ್ಕೂ ಒಂದೇ ಹೆಸರಿಡುವ ರೂಢಿ ಇನ್ನೂ ಹೋಗಿಲ್ಲ. ಮನೋರೋಗವು ಬೆಳೆದ ಬುದ್ಧಿಗೆ ಬರುವ ಬೇನೆ. ಅದಕ್ಕೆ ಔಷಧವಿದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆಯಿದೆ. ಬೌದ್ಧಿಕ ವಿಕಲತೆಯು ಬೇನೆಯಲ್ಲ, ಗುಣಪಡಿಸುವಂಥದೂ ಅಲ್ಲ. ಅದು ಬಸಿರಲ್ಲಿಯೋ, ಹೆರಿಗೆಯ ಹೊತ್ತಿನಲ್ಲಿಯೋ, ಎಳೆಯ ವಯಸ್ಸಿನಲ್ಲಿಯೋ ಉಂಟಾಗಿ ಜೀವಮಾನವಿಡೀ ಇರುವ ಸ್ಥಿತಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮನೋರೋಗದ ವ್ಯಾಖ್ಯೆಯಿಂದ ಇದನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಈ ಭೇದ ತಿಳಿಯದ ತಂದೆ-ತಾಯಿಗಳು ಮಗನನ್ನು ಗುಣಪಡಿಸಲೆಂದು ಊರೂರು ತಿರುಗಿ ಹೊಲ ಒತ್ತೆ ಇಟ್ಟ ಉದಾಹರಣೆಗಳು ವಿರಳವಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರ್ಗಿಯ ಕಡೆ ವಿಕಲಚೇತನ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ ಸುದ್ದಿ ಓದುಗರಿಗೆ ನೆನಪಿರಬಹುದು. ಹೂಳಿದವರು ಕ್ರೂರಿಗಳಲ್ಲ, ಹೆತ್ತವರೇ.

ನವಲಗುಂದದ ದಾರಿಯಲ್ಲಿ ಹಿಂಗಾರಿನ ಕಾಲಕ್ಕೆ ಹೋದರೆ ಎರಡೂ ಕಡೆ ಕಡಲೆ, ಜೋಳ, ಕುಸುಬಿಯ ಹೊಲಗಳು ಕಣ್ಣು ಹರಿಯುವಷ್ಟು ದೂರ ಹಬ್ಬಿರುತ್ತವೆ. ನಡುನಡುವೆ ಒಂದೊಂದು ಬೇವಿನ ಮರ. ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿದರೆ ಇದೇ ಹೊಲಗಳು ಕೆರೆಯಾಗುತ್ತವೆ. ಈ ತಾಲೂಕಿನ ಒಂದು ಹಳ್ಳಿಯಲ್ಲಿ, ಜಂತಿಯ ಮನೆಯ ಪಡಸಾಲೆಯಲ್ಲಿ, ನಾನು ಕಂಡ ತಾಯಿಗೆ ಎಪ್ಪತ್ತು ದಾಟಿದೆ. ಮಗನಿಗೆ ನಲವತ್ತರ ಮೇಲೆ. ಅವನು ಮಾತಾಡುವುದು ಕಡಿಮೆ; ಆದರೆ ಬಂದವರಿಗೆ ಚೊಂಬು ನೀರು ತಂದಿಡುವುದನ್ನು ಯಾರೂ ಹೇಳಬೇಕಾಗಿಲ್ಲ. ಬೆಳಿಗ್ಗೆ ಅಂಗಳ ಕಸ ಹೊಡೆಯುತ್ತಾನೆ, ಗುಡಿಯ ಗಂಟೆಯ ಸದ್ದಿಗೆ ಎದ್ದು ಹೋಗುತ್ತಾನೆ, ಹೋಟೆಲಿನವನು ದಿನಕ್ಕೊಂದು ಚಹಾ ಹಣ ಕೇಳದೆ ಕೊಡುತ್ತಾನೆ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಮೊದಲು ಕೈ ಹಚ್ಚುವವನು ಅವನೇ. ಊರು ಅವನನ್ನು ಬೈಯುವುದೂ ಉಂಟು, ಕಾಯುವುದೂ ಉಂಟು. ನಗರದ ಗೋಡೆಗಳೊಳಗೆ ಸಿಗದ ಒಂದು ಸಲುಗೆ ಇದರಲ್ಲಿದೆಯೆಂಬುದನ್ನು ಒಪ್ಪಲೇಬೇಕು.

ಆ ತಾಯಿ ರೊಟ್ಟಿ ಬಡಿಯುತ್ತಲೇ ಹೇಳಿದರು: "ನಾವ್ ಇರೂತನಕಾ ಏನ್ ಚಿಂತಿಲ್ರಿ. ನಾ ಹ್ವಾದಮ್ಯಾಲೆ ಇವನ ಹಸಿವು ಯಾರಿಗ್ ತಿಳೀಬೇಕ್ರಿ? ಇವಾ ಕೇಳೂದಿಲ್ಲ, ಕೊಟ್ರ ಉಣ್ತಾನ."

ಈ ಚಿಂತೆ ಅವರ ಅಜ್ಜಿಯ ಕಾಲಕ್ಕೆ ಇಷ್ಟು ಹರಿತವಾಗಿರಲಿಲ್ಲ. ಮೂವತ್ತು ಜನರ ಕೂಡು ಕುಟುಂಬದಲ್ಲಿ ಒಬ್ಬನ ಅನ್ನ ಎದ್ದು ಕಾಣುತ್ತಿರಲಿಲ್ಲ. ಅಷ್ಟೇ ಅಲ್ಲ, ಅವನಿಗೆ ಮಾಡಲು ಕೆಲಸವೂ ಇತ್ತು. ಎತ್ತುಗಳಿಗೆ ಮೇವು ಹಾಕುವುದು, ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತೊಳೆಯುವುದು, ಕೆರೆಯಿಂದ ಕುಡಿಯುವ ನೀರು ಹೊರುವುದು, ಕಣದಲ್ಲಿ ಹಂತಿಯ ಹಿಂದೆ ತಿರುಗುವುದು, ಹೊಲಕ್ಕೆ ಬುತ್ತಿ ಒಯ್ಯುವುದು. ದಿನವೂ ಒಂದೇ ಬಗೆಯಾಗಿ, ಒಂದೇ ಹೊತ್ತಿಗೆ ಮಾಡುವ ಈ ಕೆಲಸಗಳು ನಿಧಾನ ಬುದ್ಧಿಯವರಿಗೆ ಹೇಳಿ ಮಾಡಿಸಿದಂತಿದ್ದವು. ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ರಾಶಿಯ ಯಂತ್ರ ಬಂತು, ಹಂತಿ ಹೋಯಿತು. ನಳ ಬಂತು, ಕೊಡ ಹೋಯಿತು. ಇವೆಲ್ಲ ಬರಬೇಕಾದವೇ, ಅವುಗಳನ್ನು ಹಳಿಯುವುದು ಮೂರ್ಖತನ. ಆದರೆ ಅವು ಬಂದಾಗ ಊರಿನಲ್ಲಿ ಮೊದಲು ಕೈ ಬರಿದಾದವರು ಇವರೇ ಎಂಬುದನ್ನು ಯಾವ ವರದಿಯೂ ಬರೆದಂತಿಲ್ಲ. ಅಣ್ಣ-ತಮ್ಮಂದಿರು ಹುಬ್ಬಳ್ಳಿಗೆ, ಗೋವೆಗೆ, ಬೆಂಗಳೂರಿಗೆ ದುಡಿಯಲು ಹೋದರು. ಮನೆಯಲ್ಲಿ ಉಳಿದವರು ಮುದುಕರು ಮತ್ತು ಇವರು.

ಇನ್ನು ವಾಟ್ನಿಯ ಮಾತು. ಹೊಲ ಹಂಚುವಾಗ ಇಂಥ ಸೋದರನ ಪಾಲು ಏನಾಗುತ್ತದೆ? ಕೆಲವು ಕಡೆ "ನೋಡಿಕೊಳ್ಳುವವನಿಗೆ ಎರಡು ಪಾಲು" ಎಂದು ಪಂಚರು ತೀರ್ಮಾನಿಸುತ್ತಾರೆ. ಪಾಲು ಉತಾರದಲ್ಲಿ ದಾಖಲಾಗುತ್ತದೆ, ನೋಡಿಕೊಳ್ಳುವ ಮಾತು ಎಲ್ಲಿಯೂ ದಾಖಲಾಗುವುದಿಲ್ಲ. ಇದಕ್ಕೆ ಕಾನೂನಿನಲ್ಲಿ ದಾರಿಯಿದೆಯೆಂದು ನಾನು ಹೇಳಿದಾಗ ಆ ಊರಿನ ಹಿರಿಯರು ಅಚ್ಚರಿಪಟ್ಟರು. ಆದುದರಿಂದ ಅದನ್ನು ತುಸು ವಿವರವಾಗಿಯೇ ಬರೆಯುವೆ. ಮಗ ಅಥವಾ ಮಗಳಿಗೆ 18 ವರ್ಷ ತುಂಬಿದೊಡನೆ ತಂದೆ-ತಾಯಿಗಳ ಸಹಜ ಪೋಷಕತ್ವ ಕಾನೂನಿನ ದೃಷ್ಟಿಯಲ್ಲಿ ಮುಗಿಯುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯು ಬುದ್ಧಿಮಾಂದ್ಯ, ಆಟಿಸಂ, ಮಿದುಳಿನ ಪಾರ್ಶ್ವವಾಯು ಮತ್ತು ಬಹುವಿಧ ವಿಕಲತೆಯುಳ್ಳವರಿಗಾಗಿ ಮಾಡಿದ ಕಾಯ್ದೆ. ಅದರಂತೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನರನ್ನೊಳಗೊಂಡ ಸ್ಥಳೀಯ ಸಮಿತಿ ಇರಬೇಕು. ತಂದೆ-ತಾಯಿ, ಬಂಧುಗಳು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಕೊಟ್ಟರೆ ಈ ಸಮಿತಿಯು ಪೋಷಕನನ್ನು ನೇಮಿಸುತ್ತದೆ. ಪೋಷಕನಾದವನು 6 ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳಲ್ಲಿ ಲೆಕ್ಕ ಕೊಡಬೇಕು. ಅನ್ಯಾಯ ಕಂಡರೆ ಅವನನ್ನು ತೆಗೆಯಲೂ ಬರುತ್ತದೆ. ಅರ್ಥಾತ್, ಎರಡು ಪಾಲು ಪಡೆದ ಸೋದರನನ್ನು ಲೆಕ್ಕ ಕೇಳುವ ಒಂದು ಜಾಗ ಧಾರವಾಡದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿದೆ. ಮನೆಯ ಜಗಳವನ್ನು ಕಚೇರಿಗೆ ಒಯ್ಯುವುದು ಮರ್ಯಾದೆಯಲ್ಲವೆಂದು ಹೇಳುವವರುಂಟು. ಕೇಳಲು ಬಾರದವನ ಪಾಲನ್ನು ನುಂಗುವುದು ಯಾವ ಮರ್ಯಾದೆ ಎಂದು ಅವರನ್ನು ಕೇಳಬೇಕಾಗುತ್ತದೆ.

ಅಣ್ಣಿಗೇರಿ ಆದಿಕವಿ ಪಂಪನ ಹೆಸರಿನೊಡನೆ ಬೆಸೆದ ಊರು. ಅಲ್ಲಿಂದ ಗದಗ ಸುಮಾರು 20 ಕಿಲೋಮೀಟರ್. 1997ರವರೆಗೆ ಎರಡೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಅಣ್ಣಿಗೇರಿಯವರೆಗೆ ಹೋದವರು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗದೆ ಹಿಂದಿರುಗುವುದುಂಟೆ? ನಾನೂ ಹೋದೆ. ಹೋದದ್ದು ಗದ್ದುಗೆಯ ದರ್ಶನಕ್ಕೆ ಮಾತ್ರವಲ್ಲ. ನನ್ನ ಪ್ರಶ್ನೆಗೆ ಈ ಸೀಮೆಯಲ್ಲಿ ಸಿಗಬಹುದಾದ ಅತ್ಯಂತ ಹತ್ತಿರದ ಉತ್ತರ ಅಲ್ಲಿತ್ತು.

ಹಾನಗಲ್ಲ ಕುಮಾರ ಶಿವಯೋಗಿಗಳ ಆಶೀರ್ವಾದ ಪಡೆದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸಿ, ಸಂಗೀತ ಕಲಿಸಿ, ಕಡೆಗೆ ಗದುಗಿನಲ್ಲಿ ನೆಲೆನಿಂತರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಸ್ವತಃ ಅಂಧರಾದ ಪುಟ್ಟರಾಜ ಗವಾಯಿಗಳು ಭಾರ ಹೊತ್ತು 2010ರವರೆಗೆ ನಡೆಸಿದರು. ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು, ಭಕ್ತರ ತುಲಾಭಾರಗಳನ್ನೆಲ್ಲ ಆಶ್ರಮಕ್ಕೆ ಸುರಿದರು. ಇವೆಲ್ಲ ಓದುಗರಿಗೆ ತಿಳಿದ ಸಂಗತಿಗಳು. ನನಗೆ ಅಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಆ ಕಾಲದಲ್ಲಿ ಕುರುಡ ಮಗುವಿಗೆ ನಮ್ಮ ಜನ ತೋರುತ್ತಿದ್ದ ದಾರಿ ಒಂದೇ, ಭಿಕ್ಷೆ. ಗವಾಯಿಗಳು ಬರಿಯ ಪ್ರಸಾದವಿಕ್ಕಿ ಸುಮ್ಮನಾಗಿದ್ದರೆ ಪುಣ್ಯಾಶ್ರಮವು ಒಂದು ದೊಡ್ಡ ಛತ್ರವಾಗುತ್ತಿತ್ತು. ಅವರು ಕೈಗೆ ಹಾರ್ಮೋನಿಯಂ ಕೊಟ್ಟರು, ತಬಲಾ ಕೊಟ್ಟರು, ಪಿಟೀಲು ಕೊಟ್ಟರು. ದಾಸೋಹದ ಜೊತೆಗೆ ಕಾಯಕ ಸೇರಿದ್ದರಿಂದಲೇ "ಪಾಪದ ಕುರುಡ" ಎನಿಸಿಕೊಂಡಿದ್ದವನು "ಗವಾಯಿಗಳು" ಎನಿಸಿಕೊಂಡನು.

ಬೌದ್ಧಿಕ ವಿಕಲತೆಯುಳ್ಳ ವಯಸ್ಕರಿಗಾಗಿ ಇಂಥದೊಂದು ನೆಲೆ ಆಗಬಾರದೇಕೆ? ನಮ್ಮ ಸಮಾಜಕ್ಕೆ ನಿಲಯ ಕಟ್ಟುವುದು ಹೊಸದಲ್ಲ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಆದರೆ ಒಂದು ಅಂತರವನ್ನು ಮರೆಯುವಂತಿಲ್ಲ. ಪ್ರಸಾದ ನಿಲಯದ ಹುಡುಗ ನಾಲ್ಕು ವರ್ಷಕ್ಕೆ ಪದವಿ ಪಡೆದು ಹೊರಟುಹೋಗುತ್ತಾನೆ. ಮುಂದೆ ನೌಕರಿ ಹಿಡಿದು ದೇಣಿಗೆ ಕಳಿಸುತ್ತಾನೆ. ಈ ಮನೆಯವರು ಹೋಗುವುದಿಲ್ಲ, ದೇಣಿಗೆಯನ್ನೂ ಕಳಿಸುವುದಿಲ್ಲ. ಇಪ್ಪತ್ತೈದರಲ್ಲಿ ಬಂದವರು ಎಪ್ಪತ್ತರವರೆಗೆ ಅಲ್ಲಿಯೇ ಇರುತ್ತಾರೆ. ಮುಪ್ಪು, ಮೂರ್ಛೆ ರೋಗ, ಹಾಸಿಗೆ ಹಿಡಿಯುವುದು ಎಲ್ಲವೂ ಅಲ್ಲಿಯೇ ಆಗಬೇಕು. ಉದ್ಘಾಟನೆಯ ದಿನದ ಉತ್ಸಾಹ ನಲವತ್ತೈದು ವರ್ಷ ಬಾಳುವುದಿಲ್ಲ. ಕಟ್ಟಡಕ್ಕೆ ಕಲ್ಲು ಕೊಡುವವರು ಬಹಳ ಜನ. ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವ ಆರೈಕೆದಾರನಿಗೆ ತಿಂಗಳ ಸಂಬಳ ಕೊಡುವವರು ಬೇಕು.

ದೊಡ್ಡದಾಗಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂಯಾರ್ಕಿನ ವಿಲ್ಲೋಬ್ರೂಕ್ ಸಾಕ್ಷಿ. 4,000 ಜನರಿಗೆಂದು ಕಟ್ಟಿದ ಆ ಸರಕಾರಿ ವಸತಿ ಸಂಸ್ಥೆಯಲ್ಲಿ 1965ರ ಹೊತ್ತಿಗೆ 6,000 ಜನರನ್ನು ತುಂಬಲಾಗಿತ್ತು. 1972ರಲ್ಲಿ ಒಬ್ಬ ದೂರದರ್ಶನ ವರದಿಗಾರ ಒಳಹೊಕ್ಕು, ಬಟ್ಟೆಯಿಲ್ಲದೆ ನೆಲದ ಮೇಲೆ ಬಿದ್ದಿದ್ದ ಮಕ್ಕಳನ್ನು ಜಗತ್ತಿಗೆ ತೋರಿಸಿದ. ತಂದೆ-ತಾಯಿಗಳು ನ್ಯಾಯಾಲಯಕ್ಕೆ ಹೋದರು. 1975ರ ತೀರ್ಪಿನ ತರುವಾಯ ಅಲ್ಲಿದ್ದವರನ್ನು ಹಂತಹಂತವಾಗಿ ಊರಿನ ಬೀದಿಗಳ ನಡುವಣ ಸಣ್ಣ ಮನೆಗಳಿಗೆ ಒಯ್ಯಲಾಯಿತು. 1987ರಲ್ಲಿ ವಿಲ್ಲೋಬ್ರೂಕ್ ಮುಚ್ಚಿತು. ಐದಾರು ಜನ, ಒಂದು ಅಡಿಗೆಮನೆ, ಒಬ್ಬಿಬ್ಬರು ಸಹಾಯಕರು. ಅಂದಿನಿಂದ "ಗುಂಪು ಮನೆ" ಎಂಬ ಈ ಪದ್ಧತಿಗೆ ಅಲ್ಲಿ ಬಲ ಬಂತು. ಅದಕ್ಕೂ ಮೊದಲೇ, 1940ರಲ್ಲಿ, ಆಸ್ಟ್ರಿಯಾದಿಂದ ನಿರಾಶ್ರಿತರಾಗಿ ಸ್ಕಾಟ್ಲೆಂಡಿಗೆ ಬಂದ ಕಾರ್ಲ್ ಕ್ಯೋನಿಗ್ ಎಂಬ ವೈದ್ಯರು ಕ್ಯಾಂಪ್‌ಹಿಲ್ ಎಂಬಲ್ಲಿ ಸಹಾಯಕರೂ ವಿಕಲರೂ ಕೂಡಿ ಬಾಳುವ ನೆಲೆಯನ್ನು ಆರಂಭಿಸಿದ್ದರು. ನಮ್ಮ ಬೆಂಗಳೂರಿನ ಆಶಾನಿಕೇತನ 1970ರಷ್ಟು ಹಿಂದೆಯೇ ಆರಂಭವಾಯಿತು. ಫ್ರಾನ್ಸಿನ ಲಾರ್ಶ್ ಪರಿವಾರಕ್ಕೆ ಸೇರಿದ ಏಷ್ಯದ ಮೊದಲ ಮನೆ ಅದು. ಪುಣೆಯ ಬಳಿ ಮುಳಶಿ ತಾಲೂಕಿನ ಕೊಳವಣದಲ್ಲಿ ಸಾಧನಾ ವಿಲೇಜ್ ಎಂಬ ಸಂಸ್ಥೆ ಹಳ್ಳಿಯ ನಡುವೆಯೇ ಇಂಥ ಮನೆಗಳನ್ನು ನಡೆಸುತ್ತ ಬಂದಿದೆ. ನಮ್ಮ ಧಾರವಾಡ ಸೀಮೆಗೆ ಹೊಂದುವ ಮಾದರಿ ಅದೇ ಎಂದು ನನ್ನ ಅನಿಸಿಕೆ.

ಲಾರ್ಶ್ ಪರಿವಾರದ ಸ್ಥಾಪಕ ಜಾನ್ ವಾನ್ಯೇ ಅವರನ್ನು ಲೋಕವು ಸಂತನಂತೆ ಕಂಡಿತ್ತು. ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಅವರು ಹಲವು ಮಹಿಳೆಯರ ಮೇಲೆ ದೌರ್ಜನ್ಯ ನಡೆಸಿದ್ದರೆಂದು ಆ ಸಂಸ್ಥೆಯೇ ನಡೆಸಿದ ತನಿಖೆ ಸಾರಿತು. ಮನೆಗಳು ಉಳಿದವು, ಏಕೆಂದರೆ ತನಿಖೆಯನ್ನು ಮುಚ್ಚಿಡದೆ ಪ್ರಕಟಿಸುವಷ್ಟು ಧೈರ್ಯ ಆ ಸಂಸ್ಥೆಗಿತ್ತು. ಹೇಳಿಕೊಳ್ಳಲಾಗದ ಜನ ವಾಸಿಸುವ ಮನೆಯನ್ನು ಯಾರೇ ನಡೆಸಲಿ, ಮಠವೇ ನಡೆಸಲಿ, ಹೊರಗಿನವರು ಮುನ್ಸೂಚನೆಯಿಲ್ಲದೆ ಬಂದು ನೋಡುವ ಬಾಗಿಲು ತೆರೆದಿರಬೇಕು.

ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹೆಸರು ಕೇಳಿದೊಡನೆ ಜನ ನಾಡಿಗೇರ ವಾಡೆಯತ್ತ ಕೈ ತೋರಿಸುತ್ತಾರೆ. ಆ ವಾಡೆಯಲ್ಲಿ ಸಂಗೀತ ಇನ್ನೂ ಉಸಿರಾಡುತ್ತಿದೆ. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಎಷ್ಟೋ ವಾಡೆಗಳು ಬೀಗ ಹಾಕಿಕೊಂಡು ನಿಂತಿವೆ. ಒಡೆಯರು ಪುಣೆಯಲ್ಲಿ, ಬೆಂಗಳೂರಿನಲ್ಲಿ. ಒಳಗೆ ಸಾಗವಾನಿಯ ಕಂಬಗಳು, ಹೊರಸು, ಒರಳು, ಹಗೇವು, ಹಿತ್ತಲ ಬಾವಿ. ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ದೀಪ ಹಚ್ಚಿ ಹೋಗುತ್ತಾರೆ. ಊರ ನಡುವೆ, ಗುಡಿಗೂ ಸಂತೆಗೂ ನಡೆದು ಹೋಗುವ ಅಂತರದಲ್ಲಿ, ಐದಾರು ಜನ ವಾಸಿಸಲು ಇದಕ್ಕಿಂತ ಬೇರೆ ಮನೆ ಏಕೆ ಬೇಕು? ಹೊಸ ಕಟ್ಟಡಕ್ಕೆ ಊರ ಹೊರಗೆ ಎರಡು ಎಕರೆ ಹುಡುಕುವವರಿಗೆ ಈ ಮಾತು ರುಚಿಸದೆ ಇರಬಹುದು.

ಈ ತಾಲೂಕಿನಲ್ಲಿ ನನ್ನ ಕಿವಿಗೆ ಬಿದ್ದುದು ಹೆಚ್ಚಾಗಿ ಹೆಣ್ಣುಮಕ್ಕಳ ಕಥೆ. ಮೆಣಸಿನಕಾಯಿಯ ಹಂಗಾಮಿನಲ್ಲಿ ಹೆಂಗಸರು ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುವಾಗ ಅವರ ನಡುವೆ ಮೂವತ್ತು-ಮೂವತ್ತೈದರ ಒಬ್ಬ ಮಗಳೂ ಕುಳಿತಿರುತ್ತಾಳೆ. ಕೈ ನಿಧಾನ, ಆದರೆ ಬಿಡಿಸಿದ್ದು ಅಚ್ಚುಕಟ್ಟು. ತಾಯಿ ಕೆಲಸಕ್ಕೆ ಹೋದಲ್ಲೆಲ್ಲ ಅವಳನ್ನು ಕರೆದೊಯ್ಯುತ್ತಾಳೆ, ಒಬ್ಬಳನ್ನೇ ಮನೆಯಲ್ಲಿ ಬಿಡುವ ಧೈರ್ಯವಿಲ್ಲ. ಏಕೆಂದು ವಿವರಿಸಬೇಕಾಗಿಲ್ಲ. ಇಂಥ ಮಗಳಿಗೆ "ಮದುವಿ ಮಾಡ್ರಿ, ಎಲ್ಲಾ ಸರಿ ಆಕ್ಕೈತಿ" ಎಂದು ಬುದ್ಧಿ ಹೇಳುವ ನೆಂಟರು ಪ್ರತಿ ಊರಿನಲ್ಲೂ ಇದ್ದಾರೆ. ಸೋದರಮಾವನಿಗೋ, ಎರಡನೆಯ ಸಂಬಂಧಕ್ಕೋ ಕೊಟ್ಟು, ವರ್ಷದೊಳಗೆ ಮಗಳು ಮರಳಿ ತವರಿಗೆ, ಕೆಲವೊಮ್ಮೆ ಬಸುರಾಗಿ, ಬಂದ ಮನೆಗಳ ಗೋಳು ಆ ನೆಂಟರಿಗೆ ತಟ್ಟುವುದಿಲ್ಲ. ಹೆಣ್ಣುಮಕ್ಕಳಿಗಾಗಿ ಬೇರೆಯ ಮನೆ, ಹೆಣ್ಣು ಆರೈಕೆದಾರರು, ಒಳಗಿನಿಂದ ಚಿಲಕ ಹಾಕಿಕೊಳ್ಳಬಲ್ಲ ಕೋಣೆ, ಇವು ಸೌಕರ್ಯಗಳಲ್ಲ, ಮೊದಲ ಅಗತ್ಯಗಳು.

ಸರಕಾರದ ಯೋಜನೆಗಳೂ ಇವೆ. ರಾಷ್ಟ್ರೀಯ ನ್ಯಾಸವು 2015ರಲ್ಲಿ ಪ್ರಕಟಿಸಿದ "ಘರೌಂದಾ" ವಯಸ್ಕರ ಆಜೀವ ವಸತಿಗಾಗಿಯೇ ಇದ್ದದ್ದು. ಹಿಂದಿಯಲ್ಲಿ ಆ ಪದಕ್ಕೆ ಮಕ್ಕಳು ಮಣ್ಣಿನಲ್ಲಿ ಕಟ್ಟುವ ಪುಟ್ಟ ಮನೆ ಎಂದರ್ಥ. ಮುಂದೆ ಅದನ್ನು "ಸಮರ್ಥ್" ಯೋಜನೆಯೊಡನೆ ಕೂಡಿಸಲಾಯಿತು. "ನಿರಾಮಯ" ಎಂಬ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ವೈದ್ಯಕೀಯ ವೆಚ್ಚ ಭರಿಸುತ್ತದೆ. ಹಳ್ಳಿಗರು "ಪಗಾರ" ಎಂದೇ ಕರೆಯುವ ಮಾಸಾಶನವಂತೂ ಎಲ್ಲರಿಗೂ ಗೊತ್ತು. ಇವುಗಳ ಅರ್ಜಿಗಾಗಿ ಹುಬ್ಬಳ್ಳಿಗೆ ಅಲೆಯುವ ಮೊದಲು ತಮ್ಮ ಗ್ರಾಮ ಪಂಚಾಯತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣುವುದು ಲೇಸು. ಅವರೂ ವಿಕಲಚೇತನರೇ ಆಗಿರುವುದರಿಂದ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಇನ್ನೊಂದು ಮಾತನ್ನು ಸೇರಿಸಿತು: ಇಂಥಲ್ಲಿಯೇ ಇರಬೇಕೆಂದು ಯಾವ ವಿಕಲಚೇತನರನ್ನೂ ಕಟ್ಟುಪಡಿಸುವಂತಿಲ್ಲ, ಸಮುದಾಯದ ನಡುವೆ ಬಾಳುವುದು ಅವರ ಹಕ್ಕು. ಎಲ್ಲಿರಬೇಕೆಂದು ಅವರನ್ನೇ ಕೇಳಬೇಕೆಂಬುದು ಇದರ ತಾತ್ಪರ್ಯ. ನನ್ನ ತಿರುಗಾಟದಲ್ಲಿ ತಂದೆ, ತಾಯಿ, ಅಣ್ಣ, ಅತ್ತಿಗೆ, ಪಂಚರು ಎಲ್ಲರೂ ಮಾತಾಡಿದರು. ಆ ಮಗನನ್ನು ಅಥವಾ ಮಗಳನ್ನು ಯಾರೂ ಕೇಳಿದಂತೆ ಕಾಣಲಿಲ್ಲ.

ಕಡೆಯದಾಗಿ ಕಲಘಟಗಿ. ಕಾರವಾರದ ದಾರಿ ಹಿಡಿದು ಸಾಗಿದಂತೆ ಎರೆ ಮಣ್ಣು ಕೆಂಪಾಗುತ್ತದೆ, ಜೋಳ ಹೋಗಿ ಭತ್ತ ಬರುತ್ತದೆ, ಗಾಳಿಗೆ ಹಸಿಯ ವಾಸನೆ. ಈ ಊರಿನ ಬಣ್ಣದ ತೊಟ್ಟಿಲಿಗೆ ನಾಡಿನಲ್ಲೆಲ್ಲ ಹೆಸರು. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಹಚ್ಚಿ, ಪುರಾಣದ ಚಿತ್ರ ಬರೆದು, ತಲೆಮಾರು ಬಾಳುವ ಹಾಗೆ ಮಾಡುತ್ತಾರೆ. ಮಗಳ ಚೊಚ್ಚಲ ಹೆರಿಗೆಗೆ ದೂರದೂರದಿಂದ ಬಂದು ಕೊಂಡೊಯ್ಯುತ್ತಾರೆ.

ಅಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಎಪ್ಪತ್ತರ ಸಮೀಪದ ರೈತರೊಬ್ಬರಿಗೆ ಗುಂಪು ಮನೆಯ ಕಲ್ಪನೆಯನ್ನು ವಿವರಿಸಿದೆ. ಅವರು ಗಟ್ಟಿಗರು, ನನ್ನ ಮಾತಿಗೆ ಸುಲಭವಾಗಿ ಮಣಿಯಲಿಲ್ಲ. ಅಡಿಗೆ ಯಾರು ಮಾಡುತ್ತಾರೆ, ಮೂರ್ಛೆ ಬಂದರೆ ಯಾರು ಹಿಡಿಯುತ್ತಾರೆ, ಇವನ ಪಾಲಿನ ಎರಡು ಎಕರೆಯ ಆದಾಯವನ್ನು ಆ ಮನೆಗೆ ಕೊಡಬೇಕೋ ಅಣ್ಣನ ಕೈಯಲ್ಲಿಡಬೇಕೋ, ಒಗ್ಗದಿದ್ದರೆ ಮರಳಿ ಕಳಿಸುತ್ತಾರೋ ಇಲ್ಲವೋ ಎಂದು ಒಂದೊಂದಾಗಿ ಕೇಳಿದರು. "ಹಬ್ಬಕ್ಕ ಮನಿಗೆ ಬಿಡ್ತಾರೇನ್ರಿ? ಕಾರಹುಣ್ಣಿಮಿಗೆ ಇವಾ ಇಲ್ದ ನಮ್ಮನ್ಯಾಗ ಕರಿ ಹರಿಯೂದಿಲ್ಲ" ಎಂದರು. ಬಿಡಲೇಬೇಕು, ಅದು ಸೆರೆಮನೆಯಲ್ಲ ಎಂದೆ.

ಮಗ ಅಷ್ಟು ಹೊತ್ತು ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದ. ಮೂವತ್ತೆಂಟರ ಆಳು, ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ನಾನು ಅವನತ್ತ ತಿರುಗಿ, "ಏನಪ್ಪಾ, ನಿನಗ ಹೆಂಗ ಅನಸ್ತೈತಿ?" ಎಂದು ಕೇಳಿದೆ. ತಂದೆ ಉತ್ತರಿಸಲು ಬಾಯಿ ತೆರೆದವರು ಸುಮ್ಮನಾದರು. ಅವನು ಬಹಳ ಹೊತ್ತು ಯೋಚಿಸಿದ. ಹಗ್ಗದ ಹುರಿ ಬಿಚ್ಚಿ ಮತ್ತೆ ಹೊಸೆದ.

"ಅಲ್ಲಿ ಎತ್ತು ಅದಾವೇನ್ರಿ?" ಎಂದು ಕೇಳಿದ.

ಎಷ್ಟು ಎತ್ತು ಬೇಕು ಎಂದು ನಾನು ಕೇಳಿದೆ. ಎರಡು ಬೆರಳು ತೋರಿಸಿದ. ಆಮೇಲೆ ತುಸು ತಡೆದು, ಕೊಟ್ಟಿಗೆಯತ್ತ ನೋಡಿ, ಇನ್ನೊಂದು ಬೆರಳು ಎತ್ತಿ, "ಒಂದ ಆಕಳಾ" ಎಂದ. ತಂದೆಯವರು ಅದನ್ನೂ ಬರೆದುಕೊಳ್ಳಿರೆಂದು ನನ್ನ ಟಿಪ್ಪಣಿ ಪುಸ್ತಕವನ್ನು ತೋರಿಸಿದರು. ಬರೆದುಕೊಂಡೆ.